ಆ ಕಡೆಯವರು ಇಡುವ ತನಕ

ಬಾಚಣಿಗೆ ಎಡಗಿವಿಯ ಮೇಲಕ್ಕೆ ಬಂದಾಗ ಸೊಸೆಯ ಕೈ ತಾನಾಗಿಯೇ ನಿಧಾನವಾಯಿತು. ಅಲ್ಲಿ ಅತ್ತೆಯ ಕೂದಲು ಎಂದೂ ಸರಿಯಾಗಿ ಕೂರುತ್ತಿರಲಿಲ್ಲ. ಆಸ್ಪತ್ರೆಯ ಟೆಲಿಫೋನ್ ಬೋರ್ಡಿನ ಮುಂದೆ ವರ್ಷಗಟ್ಟಲೆ ತಲೆಗೆ ಹಾಕಿಕೊಂಡ ಹೆಡ್‌ಫೋನಿನ ಪಟ್ಟಿ ನೆತ್ತಿಯಿಂದ ಕಿವಿಯ ತನಕ ಒಂದು ಕಾಲುದಾರಿ ಮಾಡಿಟ್ಟಿತ್ತು. ನಿವೃತ್ತಿಯಾದ ಮೇಲೂ ಅದು ಮುಚ್ಚಿಕೊಳ್ಳಲಿಲ್ಲ. ಸೊಸೆ ಪಕ್ಕದಿಂದ ಒಂದಿಷ್ಟು ಕೂದಲು ಎಳೆದು ತಂದು ಮುಚ್ಚಿದಳು. ಅದು ಮತ್ತೆ ಜಾರಿತು.

"ಬಿಡಮ್ಮ, ಹಾಗೇ ಇರಲಿ," ಎಂದಳು ಮಂಚದ ಆ ಬದಿಯಲ್ಲಿ ನಿಂತಿದ್ದ ಗುಬ್ಬಿ. "ನಂದು ನೋಡು, ಬಲಗಡೆ. ನಾವಿಬ್ರು ಅಕ್ಕಪಕ್ಕ ಕೂತ್ರೆ ಇಬ್ರಿಗೂ ಸೇರಿ ಒಂದು ತಲೆ ಬೋಳು ಅಂತ ಡಾಕ್ಟ್ರೆಲ್ಲ ನಗೋರು."

ಗುಬ್ಬಿ ಎನ್ನುವುದು ಜೊತೆಗೆ ಕೆಲಸ ಮಾಡಿದ ಅವಳಿಗೆ ಅತ್ತೆಯೇ ಇಟ್ಟ ಹೆಸರು. ಬೋರ್ಡಿನ ಮುಂದಿನ ಕುರ್ಚಿಯಲ್ಲಿ ಕೂತರೆ ಅವಳ ಕಾಲು ನೆಲಕ್ಕೆ ಎಟುಕುತ್ತಿರಲಿಲ್ಲವಂತೆ. ಅತ್ತೆಯನ್ನು ಆಸ್ಪತ್ರೆಯವರೆಲ್ಲ ಬೋರ್ಡಮ್ಮ ಎಂದೇ ಕರೆಯುತ್ತಿದ್ದರು. ಅವಳ ನಿಜವಾದ ಹೆಸರು ಸಂಬಳದ ದಿನ ಮಾತ್ರ ಕೇಳಿಬರುತ್ತಿತ್ತು.

"ಆಯ್ತೇನಮ್ಮಾ? ಪೆಟ್ಟಿಗೆ ಒಳಗೆ ತರಬಹುದಾ?" ಶವವಾಹನದ ಡ್ರೈವರ್ ಬಾಗಿಲ ಹೊರಗಿನಿಂದಲೇ ಕೇಳಿದ. ಮಗಳು ದೂರದಿಂದ ಬರಬೇಕಿದ್ದುದರಿಂದ ಫ್ರೀಜರ್ ಪೆಟ್ಟಿಗೆ ತರಿಸಿದ್ದರು. ಬೆಳಗಿನ ಕಾಫಿ ಕೊಡಲು ಹೋದಾಗ ಅತ್ತೆ ಕಿಟಕಿಯ ಪಕ್ಕದ ಕುರ್ಚಿಯಲ್ಲಿ ಕೂತಂತೆಯೇ ಹೋಗಿಬಿಟ್ಟಿದ್ದಳು. ಹೃದಯ ನಿಂತಿದೆ ಎಂದು ಡಾಕ್ಟರು ಬರೆದುಕೊಟ್ಟು ಹೋಗಿದ್ದರು.

ಡ್ರೈವರನನ್ನು ದಾಟಿಕೊಂಡು ಮಗ ಒಳಗೆ ಬಂದ. "ಅಮ್ಮನ ಫೋನೆಲ್ಲಿ?"

"ಕಿಟಕಿ ಹತ್ರ ಇರ್ಬೇಕು. ಯಾಕೆ?" ಎಂದಳು ಸೊಸೆ.

"ಬೇಕಿತ್ತು."

ಅವನು ಫೋನನ್ನು ಅಂಗಿಗೆ ಒರೆಸಿಕೊಂಡು ಹೊರಟುಹೋದ. ಕಣ್ಣು ಕೆಂಪಾಗಿತ್ತು. ಯಾರಿಗೋ ಸುದ್ದಿ ತಿಳಿಸಬೇಕೇನೋ ಎಂದುಕೊಂಡಳು ಗಂಡನನ್ನು ನೋಡುತ್ತ.

ಗುಬ್ಬಿ ಮಾತ್ರ ಆ ಫೋನು ಹೋದ ಕಡೆಗೇ ನೋಡುತ್ತಿದ್ದಳು. "ಫೋನು ಸರಿಯಾಗೇ ಇದ್ಯಲ್ಲಮ್ಮ! ಕೆಟ್ಟುಹೋಗಿರ್ಬೇಕು ಅಂತ ನಾನು ಸಮಾಧಾನ ಮಾಡ್ಕೊಂಡಿದ್ದೆ. ಎಷ್ಟು ತಿಂಗಳಿಂದ ಮಾಡ್ತಿದ್ದೀನಿ ಗೊತ್ತಾ? ಅದ್ಯಾವಳೋ ಹೆಂಗಸು, ಕರೆ ಸ್ವೀಕರಿಸುತ್ತಿಲ್ಲ, ಕರೆ ಸ್ವೀಕರಿಸುತ್ತಿಲ್ಲ ಅಂತ ಅದನ್ನೇ ಬಡ್ಕೊಳ್ತಾಳೆ. ನನ್ನ ಮೇಲೆ ಏನಾದ್ರೂ ಸಿಟ್ಟಿತ್ತಾ ಇವಳಿಗೆ?"

"ಇಲ್ಲಮ್ಮ."

"ಮತ್ತೆ?"

ಮನೆಯ ಮೂರು ನಂಬರು ಬಿಟ್ಟು ಬೇರೆ ಯಾರ ಕರೆಯೂ ಒಳಗೆ ಬಾರದಂತೆ, ಹೊರಗೂ ಹೋಗದಂತೆ ಮಗ ಆ ಫೋನಿಗೆ ಬೀಗ ಹಾಕಿದ್ದ. ಅದನ್ನು ಈ ಹೆಂಗಸಿಗೆ ಹೇಗೆ ಹೇಳುವುದೆಂದು ಸೊಸೆಗೆ ತಿಳಿಯಲಿಲ್ಲ. ಬಾಚಣಿಗೆಯಲ್ಲಿ ಉಳಿದ ಕೂದಲನ್ನು ಸುತ್ತಿ ಉಂಡೆ ಮಾಡುತ್ತ, "ನಿಮ್ಮನ್ನ ನೆನೆಸ್ಕೊಳ್ತಾನೇ ಇದ್ರು," ಎಂದಳು. ಅದು ಸುಳ್ಳಾಗಿರಲಿಲ್ಲ.

*

ಆಸ್ಪತ್ರೆಗೆ ಸುಮ್ಮಸುಮ್ಮನೆ ಯಾರೂ ಫೋನ್ ಮಾಡುವುದಿಲ್ಲ. ಬೋರ್ಡಿನ ಕೋಣೆಗೆ ಬಂದ ಹೊಸಬರಿಗೆ ಅತ್ತೆ ಹೇಳಿಕೊಡುತ್ತಿದ್ದ ಮೊದಲ ಮಾತು ಅದು. ಎರಡನೆಯದು, ಆ ಕಡೆಯವರು ಇಡುವ ತನಕ ನೀನು ಇಡಬಾರದು. ಅಳುತ್ತಿರುವವರಿಗೆ ಮಾತು ಹೊರಡಲು ಹೊತ್ತು ಹಿಡಿಯುತ್ತದೆ. ನೀನು ಇಟ್ಟರೆ ಅವರು ಮತ್ತೆ ಮಾಡಲಾರರು.

ಒಮ್ಮೆ ಯಾವಳೋ ಹೆಂಗಸು ಫೋನ್ ಮಾಡಿ ಏನೂ ಹೇಳದೆ ಉಸಿರಾಡುತ್ತಿದ್ದಳಂತೆ. ಪಾಳಿ ಮುಗಿದು ಗುಬ್ಬಿ ಬಂದರೂ ಅತ್ತೆ ಕುರ್ಚಿ ಬಿಟ್ಟೇಳಲಿಲ್ಲ. ಕಡೆಗೆ ಆ ಕಡೆಯವಳು ವಿಳಾಸ ಹೇಳಿದಳು, ನುಂಗಿದ್ದ ಮಾತ್ರೆಯ ಹೆಸರು ಹೇಳಿದಳು. ಆಂಬುಲೆನ್ಸು ಹೋಗಿ ಕರೆತಂದಿತು. ಅದಾದ ಮೇಲೆ ಬೋರ್ಡಮ್ಮನ ಮಾತಿಗೆ ಆ ಕೋಣೆಯಲ್ಲಿ ಯಾರೂ ಎದುರಾಡಲಿಲ್ಲ.

ಮನೆಯಲ್ಲೂ ಅವಳದು ಅದೇ ರೂಢಿ. ಸಾಲ ಬೇಕಾ, ವಿಮೆ ಬೇಕಾ ಎಂದು ಕೇಳುವ ಹುಡುಗಿಯರಿಗೂ "ಬೇಡಮ್ಮ. ನಿಂದು ಊಟ ಆಯ್ತಾ?" ಎಂದು ಕೇಳಿ, ಅವರು ಇಡುವ ತನಕ ಕಾಯುವಳು. ಮಗ ತಲೆ ಚಚ್ಚಿಕೊಳ್ಳುತ್ತಿದ್ದ. ಅವನದು ಔಷಧಿ ಅಂಗಡಿ. ನೋಟನ್ನು ಬೆಳಕಿಗೆ ಹಿಡಿದು ನೋಡದೆ ಗಲ್ಲಾಪೆಟ್ಟಿಗೆಗೆ ಹಾಕಿದವನಲ್ಲ.

ಆ ಬೀಗಕ್ಕೆ ಕಾರಣವಾದ ಕರೆ ಬಂದದ್ದು ಹೋದ ವರ್ಷ, ಎಲ್ಲರ ಕೆಲಸವೂ ಒಟ್ಟಿಗೆ ಬಿದ್ದಿದ್ದ ಒಂದು ಬೆಳಗ್ಗೆ. ಪರದೆಯ ಮೇಲೆ ಪೊಲೀಸ್ ಅಂಗಿ ತೊಟ್ಟ ಮನುಷ್ಯ. ನಿಮ್ಮ ಹೆಸರಿನ ಪಾರ್ಸಲ್ಲಿನಲ್ಲಿ ಮಾದಕ ಪದಾರ್ಥ ಸಿಕ್ಕಿದೆ, ತನಿಖೆ ಮುಗಿಯುವ ತನಕ ನೀವು ಮನೆಯಲ್ಲೇ ಬಂಧನದಲ್ಲಿದ್ದೀರಿ, ಲೈನು ತೆರೆದೇ ಇರಬೇಕು, ಮನೆಯವರಿಗೆ ಹೇಳಿದರೆ ಅವರನ್ನೂ ಎಳೆದೊಯ್ಯುತ್ತೇವೆ ಎಂದ. ಅತ್ತೆ ಕೋಣೆಯ ಬಾಗಿಲು ಹಾಕಿಕೊಂಡಳು. ಊಟ ಒಯ್ದ ಸೊಸೆಗೆ, "ಪರಿಚಯದವರು ಕಣೆ, ತೊಂದರೇಲಿದ್ದಾರೆ," ಎಂದು ಫೋನಿನಿಂದ ಕಣ್ಣು ತೆಗೆಯದೆ ಹೇಳಿದಳು. ಅತ್ತೆ ಯಾರದೋ ಕಷ್ಟ ಕೇಳುತ್ತ ಕೂರುವುದು ಹೊಸದೇನಲ್ಲ. ಸೊಸೆ ತಟ್ಟೆಯಿಟ್ಟು ಬಂದಳು.

ಮರುದಿನ ಅತ್ತೆ ತೆರೆದ ಲೈನನ್ನು ಕೈಚೀಲದಲ್ಲಿಟ್ಟುಕೊಂಡು ಬ್ಯಾಂಕಿಗೆ ಹೋದಳು. ಇಷ್ಟು ದೊಡ್ಡ ಮೊತ್ತ ಯಾರಿಗೆ ಎಂದು ಗುಮಾಸ್ತೆ ಕೇಳಿದಾಗ, ಅವರು ಕಲಿಸಿದ್ದಂತೆ, ಮಗಳಿಗೆ ಮನೆ ಕೊಳ್ಳಲು ಎಂದಳು. ನಿವೃತ್ತಿಯ ದುಡ್ಡೆಲ್ಲ ಹೋಯಿತು. ಮನೆಗೆ ಬಂದು ಫೋನು ತೆಗೆದರೆ ಪರದೆಯ ಮೇಲೆ ಬರಿಯ ಗೋಡೆ, ಎಲ್ಲೋ ತಿರುಗುವ ಫ್ಯಾನಿನ ಸದ್ದು. ಆದರೂ ಅವಳು ಎದುರಿಗೆ ಕೂತೇ ಇದ್ದಳು. ಆ ಕಡೆ ಯಾರೋ ಕೆಮ್ಮಿದರೆ, "ನೀರು ಕುಡೀರಿ," ಎಂದಳಂತೆ.

"ಸಂಜೆ ಅವರೇ ಇಟ್ರು ಕಣೆ," ಎಂದಿದ್ದಳು ಸೊಸೆಯ ಹತ್ತಿರ, ಎಷ್ಟೋ ದಿನಗಳ ಮೇಲೆ. "ಆಮೇಲೇ ನಾನು ಎದ್ದಿದ್ದು. ಅರ್ಧಕ್ಕೇ ಗೊತ್ತಾಗಿತ್ತು ಇದೇನೋ ಸರಿಯಿಲ್ಲ ಅಂತ. ಕೈ ಬರಲಿಲ್ಲ ನೋಡು ಇಡೋಕೆ."

ಮಗನಿಗೆ ಅದು ಅರ್ಥವಾಗುವ ಮಾತೇ ಆಗಿರಲಿಲ್ಲ. "ಕಟ್ ಮಾಡೋಕೇನಾಗಿತ್ತಮ್ಮಾ? ಒಂದು ಬೆರಳು! ಒಂದೇ ಒಂದು ಬೆರಳಿನ ಕೆಲಸ!" ಎಂದು ಮನೆಯೆಲ್ಲ ಕೇಳುವಂತೆ ಕೂಗಾಡಿದ. ಆಮೇಲೆ ನೆಂಟರ ವಾಟ್ಸಾಪ್ ಗುಂಪಿಗೆ ದಿನಕ್ಕೊಂದು ಎಚ್ಚರಿಕೆ ಕಳಿಸತೊಡಗಿದ. ನಮ್ಮ ಅಮ್ಮನಂಥ ತಿಳಿದವರೇ ಮೋಸಹೋಗಿದ್ದಾರೆ, ಎಂದು ಪ್ರತಿಯೊಂದರ ಕೊನೆಗೂ. ಮನೆಗೆ ಯಾರಾದರೂ ಬಂದರೆ, "ಅಮ್ಮ, ಬಾ ಇಲ್ಲಿ. ಏನಾಯ್ತು ಅಂತ ಇವರಿಗೂ ಹೇಳು, ಉಪಯೋಗ ಆಗುತ್ತೆ," ಎನ್ನುತ್ತಿದ್ದ. ಅವಳು ಬಂದು ನಿಂತು, ಮೊದಲಿನಿಂದ ಕೊನೆಯ ತನಕ ಹೇಳಿ, ಒಳಗೆ ಹೋಗುತ್ತಿದ್ದಳು. ಬರುಬರುತ್ತ ಬೇರೆ ಮಾತೇ ಆಡದಾದಳು.

*

ನಾದಿನಿ ಬಂದಾಗ ಬಿಸಿಲು ಏರಿತ್ತು. ಅಮ್ಮನ ಪೆಟ್ಟಿಗೆಯ ಗಾಜಿಗೆ ಹಣೆ ಇಟ್ಟು ಅತ್ತಳು. ಆಮೇಲೆ ಮೂಗೊರೆಸಿಕೊಂಡು ಸುತ್ತ ನೋಡಿದಳು.

"ಅಣ್ಣ ಎಲ್ಲಿ ಅತ್ತಿಗೆ?"

"ಹಿತ್ತಲಲ್ಲಿದ್ದಾರೆ. ಫೋನಲ್ಲಿ."

"ಇವತ್ತೂನಾ? ಅವನ ಅಂಗಡಿ ಒಂದು ದಿನ ಮುಚ್ಚಿದ್ರೆ ಊರಿಗೆಲ್ಲ ಕಾಯಿಲೆ ಬಂದ್ಬಿಡುತ್ತಾ?" ಎಂದವಳು ಮತ್ತೆ ಗಾಜಿನ ಕಡೆ ತಿರುಗಿದಳು. "ನಾನು ಯಾವಾಗ ಮಾಡಿದ್ರೂ ಎರಡೇ ಮಾತು. ಚೆನ್ನಾಗಿದ್ದೀಯಾ, ಚೆನ್ನಾಗಿದ್ದೀನಿ. ಆಮೇಲೆ ಸುಮ್ಮನೆ ಉಸಿರು. ಇಡ್ಲಾಮ್ಮ ಅಂದ್ರೆ, ನೀನೇ ಇಡು ಅನ್ನೋಳು. ನಾನು ಇಟ್ಟುಬಿಡ್ತಿದ್ದೆ."

ಗುಬ್ಬಿ ಅವಳ ಬೆನ್ನು ಸವರಿದಳು. ಹೊರಗೆ ಕುರ್ಚಿಗಳಲ್ಲಿ ಕೂತವರು ಗಡಿಯಾರ ನೋಡಿಕೊಳ್ಳಲು ಶುರುಮಾಡಿದ್ದರು. ಮೇಲಿನ ಮನೆಯ ಮೇಷ್ಟ್ರು ಒಳಗೆ ತಲೆಹಾಕಿ, "ಮಗಳೂ ಬಂದಾಯ್ತಲ್ಲ, ಇನ್ನೇನು ತಡ?" ಎಂದರು. ಡ್ರೈವರ್ ತಾನು ಇನ್ನೊಂದು ಮನೆಗೆ ಹೋಗಬೇಕೆಂದ. "ಅವರೂ ಕಾಯ್ತಿದ್ದಾರೆ ಸಾರ್. ಸತ್ತವರು ಕಾಯ್ತಾರೆ, ಇದ್ದವರು ಬೈತಾರೆ."

ಗಂಡನನ್ನು ಕರೆಯಲೆಂದು ಸೊಸೆ ಹಿತ್ತಲಿಗೆ ಹೋದಳು. ನೀರಿನ ತೊಟ್ಟಿಯ ಹಿಂದೆ, ಒಣಹಾಕಿದ ಬಟ್ಟೆಗಳ ಮರೆಯಲ್ಲಿ ಅವನು ಕುಕ್ಕರುಗಾಲಲ್ಲಿ ಕೂತಿದ್ದ. ಒಂದು ಕೈಯಲ್ಲಿ ಅಮ್ಮನ ಫೋನು. ಇನ್ನೊಂದರಲ್ಲಿ ಅವನದು, ಸ್ಪೀಕರಿನಲ್ಲಿ.

"ನಿಮ್ಮ ತಾಯಿಯವರ ವಿಷಯ ಕೇಳಿ ನಮಗೂ ದುಃಖವಾಯ್ತು," ಎನ್ನುತ್ತಿತ್ತು ಗಂಡಸಿನ ನಿಧಾನದ ದನಿ. "ಆದರೆ ಮರಣ ದಾಖಲಾದ ಕೂಡಲೇ ಫೈಲು ಮುಚ್ಚಿಹೋಗುತ್ತೆ. ವಶಪಡಿಸಿಕೊಂಡ ಹಣ ಆಮೇಲೆ ಯಾರಿಗೂ ಬರಲ್ಲ. ಕೊನೇ ಠೇವಣಿ ಇವತ್ತೇ ಬರಬೇಕು, ಅವರ ಖಾತೆಯಿಂದಲೇ ಬರಬೇಕು. ಮನೆಯವರ ಜೊತೆ ಚರ್ಚೆ ಬೇಡ. ತನಿಖೆ ಗುಟ್ಟಿನದು."

"ಗೊತ್ತು ಸರ್. ಯಾರಿಗೂ ಹೇಳಿಲ್ಲ ಸರ್. ಒಂದೇ ನಿಮಿಷ, ದಯವಿಟ್ಟು ಇಡಬೇಡಿ ಸರ್."

ನೋಟನ್ನು ಬೆಳಕಿಗೆ ಹಿಡಿಯುವ ಮನುಷ್ಯ ಕಾಣದ ದನಿಗೆ ತಲೆಬಾಗಿಸಿ ಹೇಳುತ್ತಿದ್ದ.

*

ಹೋದ ವರ್ಷ ದೂರು ಕೊಡಲು ಪೊಲೀಸ್ ಠಾಣೆಗೆ ಹೋದ ದಿನ ಮಗ ಹೊರಗೆ ಜೆರಾಕ್ಸ್ ಮಾಡಿಸುತ್ತಿದ್ದ. ಒಳಗೆ ಬೆಂಚಿನ ಮೇಲೆ ಅತ್ತೆ, ಸೊಸೆ ಇಬ್ಬರೇ. ದೂರು ಬರೆದುಕೊಳ್ಳುತ್ತಿದ್ದ ಹೆಣ್ಣು ಪೊಲೀಸು ಪೆನ್ನು ಕೆಳಗಿಟ್ಟು ಹೇಳಿದ್ದಳು: "ಒಂದು ಮಾತು ನೆನಪಿಟ್ಟುಕೊಳ್ಳಿ ಅಮ್ಮ. ಇನ್ನು ಸ್ವಲ್ಪ ದಿನಕ್ಕೆ ಹೋದ ದುಡ್ಡು ವಾಪಸ್ ಕೊಡಿಸ್ತೀವಿ ಅಂತ ಫೋನ್ ಬರುತ್ತೆ. ನಿಮ್ಮ ದೂರಿನ ನಂಬರು, ಹೋದ ಮೊತ್ತ, ಎಲ್ಲ ಸರಿಯಾಗೇ ಹೇಳ್ತಾರೆ. ಅವರೂ ಇದೇ ಜನ. ಪೊಲೀಸರು ಫೋನಲ್ಲಿ ಯಾರನ್ನೂ ಬಂಧಿಸಲ್ಲ, ದುಡ್ಡು ಬಿಡಿಸೋಕೆ ದುಡ್ಡು ಕೇಳಲ್ಲ. ಸುಟ್ಟ ಮನೆಗೆ ಎರಡನೇ ಸಲ ಬರೋ ಕಳ್ಳರು ಇವರು."

ರಾತ್ರಿ ಊಟಕ್ಕೆ ಕೂತಾಗ ಅತ್ತೆ ಮಗನಿಗೆ ಅದನ್ನು ಹೇಳಲು ಬಾಯಿ ತೆರೆದಳು. "ಅಲ್ವೋ, ಆ ಪೊಲೀಸಮ್ಮ ಹೇಳಿದ್ಳು, ಇನ್ನು ಮೇಲೆ ಫೋನಲ್ಲಿ ಏನಾದ್ರೂ..."

"ಅಮ್ಮ, ಫೋನಿನ ವಿಷಯ ಮಾತ್ರ ನೀನು ನನಗೆ ಹೇಳ್ಬೇಡ," ಎಂದ ಅವನು. ಅವಳು ತಟ್ಟೆ ಎತ್ತಿಕೊಂಡು ಎದ್ದಳು. ಸೊಸೆ ಹೇಳಬಹುದಿತ್ತು. ಅವನು ಆಗಲೇ ಎದ್ದು ಕೈ ತೊಳೆಯುತ್ತಿದ್ದ.

ಅದೇ ವಾರ ಅವನು ಅಮ್ಮನ ಫೋನಿಗೆ ಬೀಗ ಹಾಕಿದ್ದು. ಪಿಂಚಣಿ ಬರುವ ಖಾತೆ ಆ ಫೋನಿನಲ್ಲಿ ಅವಳ ಹೆಬ್ಬೆರಳು ಒತ್ತಿದರೆ ಮಾತ್ರ ತೆರೆಯುವಂತೆ ಮಾಡಿದ. "ಹೆಬ್ಬೆಟ್ಟನ್ನ ಯಾವನೂ ಫೋನಲ್ಲಿ ಕೇಳಿ ತಗೊಳ್ಳೋಕಾಗಲ್ಲ." ಬೆರಳು ಓದದಿದ್ದರೆ ಬೇಕೆಂದು ಫೋನು ಒಂದು ಗುಟ್ಟಿನ ಸಂಖ್ಯೆಯನ್ನೂ ಕೇಳಿತು. "ನೀನೇ ಒತ್ತು. ಯಾರಿಗೂ ಹೇಳ್ಬೇಡ. ನನಗೂ ಹೇಳ್ಬೇಡ, ತಿಳೀತಾ?" ಎಂದು ಅವನು ಮುಖ ತಿರುಗಿಸಿ ನಿಂತ. ಅತ್ತೆ ಶಾಲೆಯ ಹುಡುಗಿಯಂತೆ ಅಂಗೈ ಮರೆ ಮಾಡಿಕೊಂಡು ಒತ್ತಿದಳು.

ಮಧ್ಯಾಹ್ನ ಬಟ್ಟೆ ಮಡಚುವಾಗ ಸೊಸೆಯ ಕಿವಿಗೆ ಬಾಯಿ ತಂದಳು. "ತುರ್ತು ವಿಭಾಗದ ನಂಬರು, ಎರಡು ಸಲ. ನಾನು ಬಿದ್ದುಗಿದ್ದರೆ ಆಸ್ಪತ್ರೆ ಖರ್ಚಿಗೆ ನೀನು ಅವನ ಮುಂದೆ ಕೈ ಒಡ್ಡಬಾರದು. ಅವನಿಗೆ ಹೇಳ್ಬೇಡ್ವೇ, ನನಗೆ ತಾಕೀತು ಮಾಡಿದ್ದಾನೆ." ಹೇಳಿ ನಕ್ಕಳು. ಆ ವರ್ಷ ಅವಳು ನಕ್ಕದ್ದು ಸೊಸೆಗೆ ನೆನಪಿರುವುದು ಅದೊಂದೇ ಸಲ.

*

"ಏನ್ರೀ ಇದು?"

ಅವನು ಬೆಚ್ಚಿ ತನ್ನ ಫೋನಿನ ಬಾಯಿಯನ್ನು ಅಂಗೈಯಿಂದ ಮುಚ್ಚಿದ. "ಶ್! ಅಧಿಕಾರಿಗಳು. ಅಮ್ಮನ ದುಡ್ಡು ಸಿಕ್ಕಿದೆ ಕಣೆ. ಇವತ್ತೇ ಬಿಡುಗಡೆ."

"ಇವರು ಅವರೇ. ಠಾಣೇಲಿ ಆ ಪೊಲೀಸಮ್ಮ ಹೇಳಿದ್ರು, ಹೀಗೇ ಮಾಡ್ತಾರೆ ಅಂತ."

"ಇವರ ಹತ್ರ ದೂರಿನ ನಂಬರಿದೆ. ಪೈಸೆ ಪೈಸೆ ಲೆಕ್ಕ ಇದೆ."

"ದೋಚ್ಕೊಂಡು ಹೋದವರ ಹತ್ರ ಇಲ್ದೆ ಇನ್ಯಾರ ಹತ್ರ ಇರುತ್ತೆ?"

ಕೊನೆಯ ಠೇವಣಿ ಎಂಬ ಮಾತು ಅವಳಿಗೆ ಆಗ ಹೊಳೆಯಿತು. ಕೊನೆಯದೆಂದರೆ ಅದಕ್ಕೂ ಮುಂಚೆ ಬೇರೆ ಇರಬೇಕು. ಹೋದ ತಿಂಗಳು ಅಂಗಡಿಯ ಧೂಳು ಹೊಡೆಯಲು ಹೋದಾಗ ಮುಂದಿನ ಸಾಲಿನ ಟಾನಿಕ್ ಡಬ್ಬಿಗಳು ಕೈಗೆ ಹಗುರವಾಗಿದ್ದವು. ಒಳಗೆ ಬಾಟಲಿಗಳಿರಲಿಲ್ಲ. ಖಾಲಿ ರಟ್ಟನ್ನು ಚೆಂದಕ್ಕೆ ಜೋಡಿಸಿದ್ದ. ಸರಕು ಬರುವುದು ತಡವಾಗಿದೆ ಎಂದಿದ್ದ.

"ಎಷ್ಟು ದಿನದಿಂದ ನಡೀತಿದೆ?"

"ತಂದು ಅವಳ ಕೈಗೆ ಇಡ್ಬೇಕು ಅಂತಿದ್ದೆ ಕಣೆ," ಎಂದ. "ನೋಡಮ್ಮ, ಹೀಗೆ ಮಾಡ್ಬೇಕು, ಹೀಗೆ ಹುಷಾರಾಗಿ ಮಾಡ್ಬೇಕು ಅಂತ." ಅಂಗಿಯ ತೋಳಿಗೆ ಕಣ್ಣೊರೆಸಿಕೊಂಡ. "ಇದೊಂದು ಕಟ್ಟಿದ್ರೆ ಎಲ್ಲಾ ಬಂದ್ಬಿಡುತ್ತೆ. ಅಂಗಡೀದೂ ಬರುತ್ತೆ. ಅಮ್ಮ ಆ ಗುಟ್ಟಿನ ನಂಬರು ನಿನಗೆ ಹೇಳಿದ್ಳಾ?"

ಸೊಸೆ ತಂತಿಯ ಮೇಲಿನ ಬಟ್ಟೆ ನೋಡಿದಳು. ನಿನ್ನೆ ಅತ್ತೆ ಉಟ್ಟಿದ್ದು. ಇನ್ನೂ ಅಂಚು ಒದ್ದೆಯಿತ್ತು. ಈ ಮನೆಗೆ ಬಂದ ಮೇಲೆ ಅವಳು ಗಂಡನಿಗೆ ಸಣ್ಣಪುಟ್ಟ ಸುಳ್ಳು ಹೇಳಿದ್ದುಂಟು, ತರಕಾರಿಯ ಬೆಲೆ, ತವರಿಗೆ ಕಳಿಸಿದ ಹಳೆಯ ಸೀರೆ, ಅಂಥವು. ಆಗೆಲ್ಲ ಎದೆ ಹೊಡೆದುಕೊಳ್ಳುತ್ತಿತ್ತು.

"ಇಲ್ಲ," ಎಂದಳು.

"ನಿಜವಾಗ್ಲೂ?"

"ನನಗ್ಯಾಕೆ ಹೇಳ್ತಾರೆ? ಯಾರಿಗೂ ಹೇಳ್ಬೇಡ ಅಂತ ನೀವೇ ಅಲ್ವಾ ಹೇಳಿದ್ದು?"

ಅಂಗೈಯೊಳಗಿನ ಫೋನು, "ಸರ್? ಲೈನಲ್ಲಿದ್ದೀರಾ?" ಎಂದಿತು. ಅವಳು ಅದನ್ನು ಕಸಿಯಲು ಕೈಚಾಚಿದಳು. ಅವನು ಅವಳ ಮಣಿಕಟ್ಟು ಹಿಡಿದು ಪಕ್ಕಕ್ಕೆ ತಳ್ಳಿದ. ಎಂದೂ ಕೈಮಾಡದ ಗಂಡಸು. ತಂತಿಯ ಬಟ್ಟೆ ಅವಳ ಮುಖಕ್ಕೆ ತಾಗಿತು. ಬಿಡಿಸಿಕೊಂಡು ನೋಡುವಾಗ ಅವನು ಒಳಗೆ ಹೋಗಿಯಾಗಿತ್ತು.

ಅವಳು ನಡುಮನೆಗೆ ಬಂದಾಗ ಪೆಟ್ಟಿಗೆಯಿದ್ದ ಕೋಣೆಯ ಬಾಗಿಲು ಮುಚ್ಚಿತ್ತು. ನಾದಿನಿ, ಗುಬ್ಬಿ ಎಲ್ಲರೂ ಹೊರಗೆ ನಿಂತಿದ್ದರು.

"ಒಂದು ನಿಮಿಷ ಅಮ್ಮನ ಜೊತೆ ಒಬ್ಬನೇ ಇರ್ತೀನಿ ಅಂದ," ಎಂದಳು ನಾದಿನಿ, ಈಗ ಬೈಗುಳದ ಸುಳಿವಿಲ್ಲದ ದನಿಯಲ್ಲಿ. "ಮುಚ್ಚಳ ತೆಗೆಸಿಕೊಂಡ ಅತ್ತಿಗೆ."

"ಪಾಪ, ಗಂಡುಮಕ್ಕಳು ಎಲ್ಲರೆದುರು ಅಳೋಕಾಗುತ್ತಾ?" ಎಂದರು ಮೇಷ್ಟ್ರು.

ಒಂದು ನಿಮಿಷ ಕಳೆಯಿತು. ಇನ್ನಷ್ಟು ಹೊತ್ತು ಕಳೆಯಿತು. ಡ್ರೈವರ್ ಮೆಲ್ಲಗೆ ಕೆಮ್ಮಿದ. ನಾದಿನಿ, "ಅಣ್ಣಾ," ಎನ್ನುತ್ತ ಬಾಗಿಲನ್ನು ತಳ್ಳಿದಳು.

ಅವನು ಪೆಟ್ಟಿಗೆಯ ಪಕ್ಕ ಮೊಣಕಾಲೂರಿದ್ದ. ಅಮ್ಮನ ಬಲಗೈಯನ್ನು ಬಿಳಿ ಬಟ್ಟೆಯಿಂದ ಹೊರಗೆಳೆದು ತನ್ನ ಎರಡೂ ಅಂಗೈಗಳ ನಡುವೆ ಇಟ್ಟುಕೊಂಡಿದ್ದ. ತಿಕ್ಕುತ್ತಿದ್ದ. ಬಾಯಿಯ ಹತ್ತಿರ ತಂದು ಬಿಸಿಯುಸಿರು ಊದುತ್ತಿದ್ದ. ಕೆನ್ನೆಗೆ ಒತ್ತಿಕೊಳ್ಳುತ್ತಿದ್ದ. ಮತ್ತೆ ತಿಕ್ಕುತ್ತಿದ್ದ. ಅವನ ಕಣ್ಣಿಂದ ನೀರು ಇಳಿಯುತ್ತಿತ್ತು, ನಿಜವಾದ ನೀರೇ.

ಡ್ರೈವರ್ ತಲೆಯ ಟೋಪಿ ತೆಗೆದ. ನಾದಿನಿಗೆ ಅಳು ಉಕ್ಕಿತು. "ಚಿಕ್ಕವನಿದ್ದಾಗ್ಲೂ ಹೀಗೇ ಕಣ್ರಿ. ಅಮ್ಮನ ಕೈ ಹಿಡ್ಕೊಳ್ದೆ ನಿದ್ದೆ ಬರ್ತಿರಲಿಲ್ಲ ಇವನಿಗೆ. ಪಾಳಿ ಮುಗಿಸ್ಕೊಂಡು ಬರೋ ತನಕ ಕೂತೇ ಇರೋನು."

"ಎಂಥ ಮಗನನ್ನ ಪಡ್ದಿದ್ಳಮ್ಮ," ಎಂದು ಗುಬ್ಬಿ ಸೊಸೆಯ ತೋಳು ಹಿಡಿದುಕೊಂಡಳು.

ಎಲ್ಲರೆದುರು ಹೇಳಿಬಿಡಬಹುದಿತ್ತು. ಒಂದೇ ವಾಕ್ಯ ಸಾಕಿತ್ತು. ನಾಳೆಯಿಂದ ಅವನನ್ನೂ ನೆಂಟರ ಮುಂದೆ ಕರೆದು ನಿಲ್ಲಿಸಿ, ಏನಾಯ್ತು ಅಂತ ಹೇಳು, ಉಪಯೋಗ ಆಗುತ್ತೆ, ಎನ್ನುತ್ತಿದ್ದರು. ಆ ವಾಕ್ಯ ಸೊಸೆಯ ನಾಲಿಗೆಯ ತುದಿಗೆ ಬಂತು. ಅದರ ಜೊತೆಗೇ ಆ ಸಂಖ್ಯೆಯೂ ಬಂತು. ಹೇಳಿಬಿಟ್ಟರೆ ಮುಗಿಯಿತು, ಅತ್ತೆಯ ಕೈಯನ್ನಾದರೂ ಅವನು ಬಿಡುತ್ತಿದ್ದ. ಎರಡನ್ನೂ ಅವಳು ನುಂಗಿಕೊಂಡಳು.

ಅವನು ತಲೆಯೆತ್ತಿ ಅಷ್ಟು ಜನರ ನಡುವೆ ಹೆಂಡತಿಯೊಬ್ಬಳನ್ನೇ ನೋಡಿದ. ಅವಳು ಕಣ್ಣು ತಪ್ಪಿಸಲಿಲ್ಲ. ಅವನು ಮತ್ತೆ ತಲೆ ತಗ್ಗಿಸಿದ. ಅಮ್ಮನ ಹೆಬ್ಬೆರಳನ್ನು ತನ್ನ ಅಂಗಿಯ ಎದೆಗೆ ಚೆನ್ನಾಗಿ ಒರೆಸಿ, ಬಿಳಿ ಬಟ್ಟೆಯ ಮಡಿಕೆಯೊಳಕ್ಕೆ ಒಯ್ದು, ಮೃದುವಾಗಿ ಒತ್ತಿ ಹಿಡಿದ. ಬಟ್ಟೆಯ ಕೆಳಗೆ ಫೋನಿನ ಸಣ್ಣ ನೀಲಿ ಬೆಳಕೊಂದು ಹತ್ತಿತು. ಒಮ್ಮೆ ಅದುರಿತು. ಆರಿತು. ಅವನು ಆ ಬೆರಳನ್ನು ಮತ್ತೆ ತುಟಿಗೆ ತಂದುಕೊಂಡು ಊದತೊಡಗಿದ.